ಉಪವಾಸದಿಂದ ನಳಿಕೆಗೆ, ನಳಿಕೆಯಿಂದ ತುತ್ತಿಗೆ

ಮೇದೋಜೀರಕ ಗ್ರಂಥಿ ತನ್ನದೇ ಜೀರ್ಣರಸಕ್ಕೆ ತಾನೇ ಬಲಿಯಾಗುವ ಕಾಯಿಲೆ ತೀವ್ರ ಪ್ಯಾಂಕ್ರಿಯಾಟೈಟಿಸ್. ಪಿತ್ತಕೋಶದ ಕಲ್ಲು ಮತ್ತು ಮದ್ಯ ಇದರ ಮುಖ್ಯ ಕಾರಣಗಳು. ದಶಕಗಳ ಕಾಲ ಇದಕ್ಕೆ ಕಡ್ಡಾಯ ಉಪವಾಸವೇ ಚಿಕಿತ್ಸೆಯಾಗಿತ್ತು. ಹೊಟ್ಟೆಗೆ ಆಹಾರ ಬಿದ್ದರೆ ಗ್ರಂಥಿ ಮತ್ತೆ ರಸ ಸುರಿಸುತ್ತದೆ, ಉರಿಯೂತ ಕೆರಳುತ್ತದೆ ಎಂಬ ನಂಬಿಕೆ. 1960ರ ದಶಕದ ಕೊನೆಗೆ ಫಿಲಡೆಲ್ಫಿಯಾದಲ್ಲಿ ಸ್ಟ್ಯಾನ್ಲಿ ಡುಡ್ರಿಕ್ ಮತ್ತು ಸಂಗಡಿಗರು ನಾಯಿಮರಿಗಳಿಗೆ ರಕ್ತನಾಳದ ಮೂಲಕವೇ ಪೂರ್ತಿ ಪೋಷಣೆ ಕೊಟ್ಟು ಬೆಳೆಸಿ ತೋರಿಸಿದರು. ಆಮೇಲೆ ಕರುಳನ್ನು ವಾರಗಟ್ಟಲೆ ಖಾಲಿ ಇಡುವುದೂ ಸಾಧ್ಯವಾಯಿತು.

ಆದರೂ ಅನೇಕ ರೋಗಿಗಳು ಮೊದಲ ವಾರಗಳನ್ನು ದಾಟಿ, ಸೋಂಕಿನಿಂದ ಸಾಯುತ್ತಿದ್ದರು. ಗ್ರಂಥಿಯ ಸತ್ತ ಅಂಗಾಂಶದಲ್ಲಿ ಹೆಚ್ಚಾಗಿ ಸಿಗುತ್ತಿದ್ದದ್ದು ಇ. ಕೋಲಿಯಂಥ ಕರುಳಿನ ಬ್ಯಾಕ್ಟೀರಿಯಾಗಳೇ. ಕರುಳಿನ ಒಳಪದರಕ್ಕೆ ಅದರ ಮೇಲೆ ಹಾದುಹೋಗುವ ಆಹಾರವೂ ಪೋಷಣೆ. ಅದು ನಿಂತರೆ ಪದರ ಸೊರಗುತ್ತದೆ, ಚಲನೆ ಮಂದವಾಗುತ್ತದೆ, ಬ್ಯಾಕ್ಟೀರಿಯಾಗಳು ಮಿತಿಮೀರಿ ಬೆಳೆದು ಗೋಡೆ ದಾಟುತ್ತವೆ.

1997ರಲ್ಲಿ ಗ್ರೀಸ್‌ನ ಪತ್ರಾಸ್‌ನ ವೈದ್ಯರು 38 ರೋಗಿಗಳ ಅಧ್ಯಯನ ಪ್ರಕಟಿಸಿದರು. ಮೂಗಿನಿಂದ ಸಣ್ಣ ಕರುಳಿನವರೆಗೆ ಇಳಿಸಿದ ನಳಿಕೆಯಲ್ಲಿ ಆಹಾರ ಪಡೆದವರಿಗೆ, ರಕ್ತನಾಳದ ಪೋಷಣೆ ಪಡೆದವರಿಗಿಂತ ಸೋಂಕು ಕಡಿಮೆ. ಆದರೆ ಅಷ್ಟು ಆಳಕ್ಕೆ ನಳಿಕೆ ಇಳಿಸಲು ಸಾಮಾನ್ಯವಾಗಿ ಎಂಡೋಸ್ಕೋಪಿ ಇಲ್ಲವೇ ಎಕ್ಸ್‌ರೇ ನೆರವು ಬೇಕು. ಜಠರದವರೆಗಿನ ನಳಿಕೆಯಿಂದಲೂ ಈ ಕೆಲಸ ಆಗುತ್ತದೆಯೇ ಎಂದು ಪರೀಕ್ಷಿಸಿದವರಲ್ಲಿ ದೆಹಲಿಯ ಏಮ್ಸ್ ವೈದ್ಯರೂ ಇದ್ದರು. 2006 ಮತ್ತು 2012ರ ಅವರ ಅಧ್ಯಯನಗಳಲ್ಲಿ ಅದು ಹಿಂದೆ ಬೀಳಲಿಲ್ಲ. ಜಠರದವರೆಗಿನ ಈ ನಳಿಕೆಗೆ, ಅಂದರೆ ಎಲ್ಲ ಆಸ್ಪತ್ರೆಯಲ್ಲೂ ಸಿಗುವ ರೈಲ್ಸ್ ಟ್ಯೂಬ್‌ಗೆ, ಇದರಿಂದ ಬಂದ ಬೆಲೆ ದೊಡ್ಡದು.

ಹಾಗಿದ್ದರೆ ನಳಿಕೆಯಲ್ಲಿ ಪ್ರೋಬಯಾಟಿಕ್ ಎನ್ನುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕಳಿಸಿದರೆ? ನೆದರ್ಲೆಂಡ್ಸ್‌ನ ‘ಪ್ರೊಪಾಟ್ರಿಯಾ’ ಪ್ರಯೋಗ ಸುಮಾರು 300 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿತು. 2008ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಸೋಂಕು ತಗ್ಗಲಿಲ್ಲ. ಪ್ರೋಬಯಾಟಿಕ್ ಪಡೆದವರಲ್ಲಿ ಶೇ 16ರಷ್ಟು ಮಂದಿ ಸತ್ತರೆ, ಪಡೆಯದವರಲ್ಲಿ ಶೇ 6. ಪ್ರೋಬಯಾಟಿಕ್ ಪಡೆದ ಒಂಬತ್ತು ಮಂದಿಯ ಕರುಳಿಗೆ ರಕ್ತ ಸಾಲದೆ ಹಾನಿಯಾಗಿತ್ತು. ಇನ್ನೊಂದು ಗುಂಪಿನಲ್ಲಿ ಅಂಥ ಒಬ್ಬರೂ ಇರಲಿಲ್ಲ.

ನಳಿಕೆಯೂ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲಿಲ್ಲ. 2014ರಲ್ಲಿ ಅದೇ ದೇಶದ ‘ಪೈಥಾನ್’ ಪ್ರಯೋಗ 208 ರೋಗಿಗಳ ಫಲಿತಾಂಶ ಕೊಟ್ಟಿತು. ಮೊದಲ ದಿನವೇ ನಳಿಕೆ ಹಾಕಿದ್ದರಿಂದ, ಮೂರು ದಿನ ಕಾದು ಬಾಯಿಂದ ಉಣಿಸಲು ನೋಡಿದ್ದಕ್ಕಿಂತ ಹೆಚ್ಚಿನ ಲಾಭವೇನೂ ಆಗಲಿಲ್ಲ. ಕಾದವರಲ್ಲಿ ಹೆಚ್ಚಿನವರಿಗೆ ನಳಿಕೆಯೇ ಬೇಕಾಗಲಿಲ್ಲ.

ಇಂದಿನ ಕ್ರಮ ಈ ಪಾಠಗಳಿಂದ ಬಂದದ್ದು. ಉಣ್ಣಬಲ್ಲವರಿಗೆ ಬಾಯಿಂದಲೇ ಊಟ, ಆಗದಿದ್ದರೆ ನಳಿಕೆ, ಅದೂ ಒಗ್ಗದಿದ್ದರೆ ಮಾತ್ರ ರಕ್ತನಾಳ. ಇಷ್ಟು ಸರಳ ಕ್ರಮಕ್ಕೆ ಬೆಲೆ ತೆತ್ತವರು ಪ್ರಯೋಗಗಳಿಗೆ ಒಪ್ಪಿದ ರೋಗಿಗಳು. ಅವರ ಋಣ ನೆನೆದಾದರೂ, ತೀವ್ರ ನಿಗಾ ಘಟಕದಲ್ಲಿರುವ ನಮ್ಮವರಿಗೆ ‘ಒಳ್ಳೆಯದೇ ತಾನೇ’ ಎಂದು ವೈದ್ಯರನ್ನು ಕೇಳದೆ ಯಾವ ಪ್ರೋಬಯಾಟಿಕ್ ಪುಡಿಯನ್ನೂ ಕೊಡಬಾರದು.