ತಿದ್ದುವ ಕೈ
ಬರೆದುದನ್ನು ತಿದ್ದುವ ವಿದ್ಯೆ ಕನ್ನಡಕ್ಕೆ ಹೊಸತಲ್ಲ. ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದವೇ ದೋಷವಿಚಾರಕ್ಕೆ ಮೀಸಲು. ದೋಷವುಳ್ಳ ಪದ್ಯವನ್ನು ಮುಂದಿಟ್ಟು, ಅದನ್ನೇ ತಿದ್ದಿ ತೋರಿಸುವುದು ಅಲ್ಲಿನ ಕ್ರಮ. ಸಂಸ್ಕೃತ ಕನ್ನಡ ಪದಗಳನ್ನು ಹೊಂದಿಕೆಯಿಲ್ಲದೆ ಸಮಾಸಗೊಳಿಸುವುದು ಕುದಿವ ಹಾಲಿಗೆ ಮಜ್ಜಿಗೆಯ ಹನಿ ಬೆರಸಿದಂತೆ ಎಂಬ ಹೋಲಿಕೆ ಅದರದೇ. ಹಾಲು ಒಡೆದುದು ಕಾಯಿಸಿದವನಿಗಿಂತ ಕುಡಿವವನಿಗೆ ಬೇಗ ತಿಳಿಯುತ್ತದೆ.

ಆದುದರಿಂದ ನಾನು ಹಸ್ತಪ್ರತಿಯನ್ನು ಹತ್ತು ದಿನ ಮುಚ್ಚಿಟ್ಟು, ಆಮೇಲೆ ಪರರದೆಂಬಂತೆ ಗಟ್ಟಿಯಾಗಿ ಓದುತ್ತೇನೆ. ಉಸಿರು ಕಟ್ಟಿದೆಡೆ ವಾಕ್ಯವನ್ನು ಒಡೆಯಬೇಕು. ನಾಲಗೆ ತೊಡರಿದೆಡೆ ಸಮಾಸವನ್ನು ಬಿಡಿಸಬೇಕು. ಮೊದಲ ಪುಟವಂತೂ ಬಹುಮಟ್ಟಿಗೆ ಪೀಠಿಕೆ, ಹೊಡೆದುಹಾಕಿದರೆ ನಷ್ಟವಿಲ್ಲ.

ಕಠಿನವಾದುದು ಬೇರೆಯೇ ಇದೆ. ಬದನಗುಪ್ಪೆಯ ಜಗಲಿಯಲ್ಲಿ ಹಿರಿಯರು ‘ಅಂಗಂದ್ರ ಏನಪ್ಪ?’ ಎಂದು ಕೇಳುವ ಮಾತನ್ನು ‘ಹಾಗೆಂದರೇನು?’ ಎಂದು ತಿದ್ದಿದೊಡನೆ ಪುಟ ಶುದ್ಧವಾಗುತ್ತದೆ, ಆಡಿದ ಮನುಷ್ಯ ಕಾಣೆಯಾಗುತ್ತಾನೆ. ದೇಸಿ ಒಂದೊಂದೆಡೆ ಒಂದೊಂದು ಬಗೆಯಾದುದರಿಂದ ಅದರ ದೋಷಗಳನ್ನೆಣಿಸಹೊರಟರೆ ವಾಸುಕಿಯೂ ಬೇಸತ್ತಾನೆಂದು ಮಾರ್ಗಕಾರನೇ ಒಪ್ಪಿದ್ದಾನೆ. ಅಷ್ಟು ಕಟ್ಟುನಿಟ್ಟಿನವನು ಕೈಬಿಟ್ಟ ಕಡೆ ನಮ್ಮ ಕೆಂಪು ಮಸಿಗೇಕೆ ಅವಸರ? ನಿರೂಪಣೆಯನ್ನು ಎಷ್ಟಾದರೂ ತಿದ್ದುತ್ತೇನೆ. ಸಂಭಾಷಣೆಯನ್ನು, ಅರ್ಥ ಕೆಡದಿದ್ದರೆ, ಮುಟ್ಟುವುದಿಲ್ಲ.