ಮುಟ್ಟದೆ ಅಳೆಯುವ ಜಾಣ್ಮೆ

ಕೋಟಿಗಟ್ಟಲೆ ಡಿಗ್ರಿ ಕಾದ ಪ್ಲಾಸ್ಮಾದೊಳಕ್ಕೆ ಯಾವ ಅಳತೆಗೋಲು ಇಳಿಸಲಾದೀತು? ಆದರೂ ಅದು ಎಲ್ಲಿದೆ, ಯಾವ ಆಕಾರದಲ್ಲಿದೆ ಎಂಬುದು ಕ್ಷಣಕ್ಷಣಕ್ಕೂ ಗೊತ್ತಿರಲೇಬೇಕು. ಗೋಡೆಗೆ ತಾಗಿದರೆ ಪ್ಲಾಸ್ಮಾ ತಣ್ಣಗಾಗುತ್ತದೆ, ಗೋಡೆಗೂ ಪೆಟ್ಟು.

ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯಹೊರಟ ಟೋಕಮಾಕ್ ಯಂತ್ರಗಳಲ್ಲಿ ಈ ಸುದ್ದಿ ತರುವುವು ಗೋಡೆಯ ಬಳಿಯ ತಂತಿ ಸುರುಳಿಗಳು. ಪ್ಲಾಸ್ಮಾದಲ್ಲಿ ಹರಿಯುವ ವಿದ್ಯುತ್ತು ಸುತ್ತಲೂ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಕ್ಷೇತ್ರ ಬದಲಾದಾಗ ಸುರುಳಿಯಲ್ಲಿ ವೋಲ್ಟೇಜ್ ಮೂಡುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ, ಹೈಸ್ಕೂಲಿನಲ್ಲಿ ಓದುವ ನಿಯಮವೇ ಇದು!

ಒಳಗಿನ ಒತ್ತಡಕ್ಕೆ ಕಾಂತಬಲ ಸರಿತೂಗಬೇಕೆಂಬ ಸಮೀಕರಣ ಹಿಡಿದು, ಅಳತೆಗಳಿಗೆ ಹೊಂದುವ ಆಕಾರವನ್ನು ಕಂಪ್ಯೂಟರ್ ಹುಡುಕುತ್ತದೆ. ಅಮೆರಿಕದಲ್ಲಿ 1980ರ ದಶಕದಲ್ಲಿ ರೂಪುಗೊಂಡ ‘ಇಫಿಟ್’ ಇಂಥ ಹೆಸರಾಂತ ಪ್ರೋಗ್ರಾಂ. ಪ್ಲಾಸ್ಮಾದ ಅಂಚು ಹೀಗೆ ಚೆನ್ನಾಗಿ ಸಿಗುತ್ತದೆ. ಒಡಲಿನಲ್ಲಿ ವಿದ್ಯುತ್ತು ಹೇಗೆ ಹಂಚಿದೆಯೆಂದು ತಿಳಿಯಲು ಮಾತ್ರ ಹೊರಗಿನ ಸುರುಳಿಗಳಷ್ಟೇ ಸಾಲವು. ಒಳಗಿನಿಂದ ಬರುವ ಬೆಳಕಿನ ಸಾಕ್ಷ್ಯವೂ ಬೇಕು.