ಊರಿನ ಬೀಜ, ಪರವೂರಿನ ಡಬ್ಬ

ಟೊಮೇಟೊ ನಮ್ಮ ನಾಡಿನ ಮೂಲಬೆಳೆಯಲ್ಲ. ದಕ್ಷಿಣ ಅಮೆರಿಕದ ಪಶ್ಚಿಮ ಭಾಗದ ಕಾಡುಗಿಡವೊಂದು ಮೆಕ್ಸಿಕೋ ದೇಶದಲ್ಲಿ ತೋಟದ ಬೆಳೆಯಾಗಿ, 16ನೆಯ ಶತಮಾನದಲ್ಲಿ ಸ್ಪೇನಿನವರ ಹಡಗುಗಳನ್ನೇರಿ ಯುರೋಪಿಗೆ ಹೋಗಿ, ಅಲ್ಲಿಂದ ಪೂರ್ವದೇಶಗಳಿಗೆ ಬಂದಿತು. ಬಂಗಾಳಿಗಳು ಅದನ್ನು ವಿಲಾಯಿತಿ ಬದನೆಯೆಂದೇ ಕರೆದರು. ಶ್ರಾದ್ಧದ ಅಡಿಗೆಗೆ ಟೊಮೇಟೊ ಸೇರಿಸದ ಮನೆಗಳು ನಮ್ಮಲ್ಲಿ ಇಂದಿಗೂ ಅನೇಕ ಇವೆ. ಇಷ್ಟಾದರೂ ಟೊಮೇಟೊ ಇಲ್ಲದ ಹೋಟೆಲಿನ ಸಾರನ್ನು ಇಂದು ಊಹಿಸಿಕೊಳ್ಳುವುದು ಕಷ್ಟ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಬೇರೂರಿದ ನಮ್ಮಂಥವರಿಗೆ ಈ ವಲಸೆಯ ಹಣ್ಣಿನ ಕಥೆ ಪರಕೀಯವೆನಿಸಲಾರದು.

ನಾವು ಹದಿನೆಂಟು ವರ್ಷ ಹೋಟೆಲು ನಡೆಸಿದವರು. ಬೆಳಗಿನ ಐದು ಗಂಟೆಗೆ ಮಾರುಕಟ್ಟೆಯಿಂದ ಬಂದಿಳಿಯುತ್ತಿದ್ದ ಟೊಮೇಟೊ ಪೆಟ್ಟಿಗೆಗಳನ್ನು ಎಣಿಸಿಕೊಳ್ಳುತ್ತಿದ್ದ ಕೈ ಇದು. ಮುಂಬಯಿಗೆ ಬರುವ ಹಣ್ಣಿನ ಬಹುಪಾಲು ಜುನ್ನರ ತಾಲೂಕಿನ ನಾರಾಯಣಗಾಂವಿನಂಥ ಪೇಟೆಗಳದು. ಕೋಲಾರದ ಹಣ್ಣಂತೂ ದೇಶದ ನಾನಾ ಮೂಲೆಗಳಿಗೆ ಹೋಗುತ್ತದೆ. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಸಿಪ್ಪೆ ದಪ್ಪ, ತಿರುಳು ಗಟ್ಟಿ, ಲಾರಿಯಲ್ಲಿ ನೂರಾರು ಮೈಲು ಕುಲುಕಿದರೂ ಒಡೆಯುವುದಿಲ್ಲ. ಹೋಟೆಲಿನವರಿಗೆ ಇದು ಅನುಕೂಲವೇ; ಅದನ್ನು ಹಳಿಯುವವರು ನಾವಲ್ಲ. ಆದರೆ ನಮ್ಮ ಭಟ್ಟರು ಸಾರಿಗೆ ಮಾತ್ರ ಬೇರೆ ಬುಟ್ಟಿಯ ಹಣ್ಣು ಕೇಳುತ್ತಿದ್ದರು. ಏಣು ಏಣಾಗಿ ಚಪ್ಪಟೆಯಾದ, ಹುಳಿಯೂ ರಸವೂ ತುಂಬಿದ ನಾಟಿ ಟೊಮೇಟೊ. ಅದು ಸಿಕ್ಕಿದ ದಿನ ಹುಣಿಸೆಹಣ್ಣು ಅರ್ಧ ಉಳಿಯುತ್ತಿತ್ತು. ವರ್ಷ ಕಳೆದಂತೆ ಆ ಬುಟ್ಟಿ ಬರುವುದು ಅಪರೂಪವಾಯಿತು. ಈಗ ನಾಟಿಯೆಂದು ಕೂಗಿ ಮಾರುವ ಹಣ್ಣಿನಲ್ಲೂ ಹೈಬ್ರಿಡ್ ಇರುವುದುಂಟು.

ಹೈಬ್ರಿಡ್ ಎಂದರೆ ಎರಡು ಬೇರೆ ಬೇರೆ ತಳಿಗಳನ್ನು ಬೇಕೆಂದೇ ಕೂಡಿಸಿ ಪಡೆದ ಮೊದಲ ಪೀಳಿಗೆ. ಅದರ ಬೀಜವನ್ನು ತೆಗೆದಿಟ್ಟು ಮರುವರ್ಷ ಬಿತ್ತಿದರೆ ಗಿಡ ಹುಟ್ಟದೆ ಇರುವುದಿಲ್ಲ. ಆದರೆ ಒಂದು ಗಿಡ ಅಜ್ಜನಂತೆ, ಇನ್ನೊಂದು ಅಜ್ಜಿಯಂತೆ, ಮತ್ತೊಂದು ಯಾರಂತೆಯೂ ಅಲ್ಲದಂತೆ ಬೆಳೆಯುತ್ತದೆ. ಆದುದರಿಂದ ಪ್ರತಿವರ್ಷ ಬೀಜವನ್ನು ಅಂಗಡಿಯಿಂದಲೇ ಕೊಳ್ಳಬೇಕು. ಮನೆತನದ ತಳಿಯ ರೀತಿ ಬೇರೆ. ತಲೆಮಾರುಗಳ ಕಾಲ ಬೀಜದಿಂದ ಬೀಜಕ್ಕೆ ಸಾಗಿಬಂದು ಗುಣ ನೆಲೆನಿಂತ ತಳಿ ಅದು. ಇಂಗ್ಲಿಷಿನವರು ಅದನ್ನು ಏರ್‌ಲೂಮ್ ಎನ್ನುವರು. ಅಜ್ಜಿಯ ಸರ ಮೊಮ್ಮಗಳಿಗೆ ಬರುವಂತೆ ಬಂದ ಬೀಜ. ಸರಕ್ಕೂ ಬೀಜಕ್ಕೂ ಒಂದು ಭೇದವಿದೆ. ಸರವನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟರೆ ನೂರು ವರ್ಷ ಇರುತ್ತದೆ. ಟೊಮೇಟೊ ಬೀಜವನ್ನು ಹಾಗೆ ಇಟ್ಟರೆ ನಾಲ್ಕಾರು ವರ್ಷಗಳಲ್ಲಿ ಮೊಳೆಯುವ ಶಕ್ತಿ ಕುಂದುತ್ತದೆ. ಬಿತ್ತಬೇಕು, ಬೆಳೆಯಬೇಕು, ನಾಲ್ಕು ಮನೆಗೆ ಕೊಡಬೇಕು. ಒಂದೇ ಮನೆಯಲ್ಲಿ ಉಳಿದ ಬೀಜ ಆ ಮನೆಗೆ ಬೀಗ ಬಿದ್ದ ದಿನ ಮುಗಿಯಿತು.

ಇದನ್ನು ಅಮೆರಿಕೆಯ ಮನೆತೋಟಗಾರರು ನಮಗಿಂತ ಮುಂಚೆ ಕಂಡುಕೊಂಡರು. ಅಯೋವಾ ಪ್ರಾಂತದಲ್ಲಿ ಆಟ್ ಎಂಬ ಮನೆತನದ ಅಜ್ಜನೊಬ್ಬರಿದ್ದರು. ಅವರ ಹಿರಿಯರು 19ನೆಯ ಶತಮಾನದಲ್ಲಿ ಜರ್ಮನಿಯ ಬವೇರಿಯಾದಿಂದ ವಲಸೆ ಬಂದಾಗ ಒಂದು ನಸುಗೆಂಪು ಟೊಮೇಟೊವಿನ ಬೀಜವನ್ನೂ, ನೇರಳೆ ಬಣ್ಣದ ಒಂದು ಬಳ್ಳಿಹೂವಿನ ಬೀಜವನ್ನೂ ತಂದಿದ್ದರಂತೆ. ಅಜ್ಜ ಅವೆರಡನ್ನೂ ಮೊಮ್ಮಗಳು ಡಯಾನ್ ಆಟ್ ವೀಲಿಯ ಕೈಗೆ ಕೊಟ್ಟರು. ಬಳಿಕ ಹೆಚ್ಚು ಕಾಲ ಬದುಕಲಿಲ್ಲ. ಕೊಡದೆ ಹೋಗಿದ್ದರೆ ಆ ಎರಡು ತಳಿಗಳೂ ಅವರೊಡನೆಯೇ ಮುಗಿದುಹೋಗುತ್ತಿದ್ದವಲ್ಲ ಎಂಬ ಯೋಚನೆ ಮೊಮ್ಮಗಳನ್ನೂ ಅವರ ಪತಿ ಕೆಂಟ್ ವೀಲಿಯವರನ್ನೂ ಬಿಡಲಿಲ್ಲ. 1975ರಲ್ಲಿ ಅವರು ತಮ್ಮಂಥ ತೋಟಗಾರರಿಗೆ ಪತ್ರ ಬರೆದು ಬೀಜ ವಿನಿಮಯದ ಒಂದು ಸಂಘ ಕಟ್ಟಿದರು. ಕೆಲವೇ ಮಂದಿಯಿಂದ ಮೊದಲಾದ ಆ ಸೀಡ್ ಸೇವರ್ಸ್ ಎಕ್ಸ್‌ಚೇಂಜ್ ಇಂದು ಅಯೋವಾದ ಡೆಕೋರಾ ಊರಿನ ಬಳಿ ಸ್ವಂತ ತೋಟವನ್ನು ಇಟ್ಟುಕೊಂಡು, ಸಾವಿರಾರು ತಳಿಗಳನ್ನು ಕಾಪಾಡುತ್ತಿದೆ.

ಇದಕ್ಕಿಂತಲೂ ನಮ್ಮ ಹೋಟೆಲ್ ಬಂಧುಗಳಿಗೆ ಹಿಡಿಸುವ ಕಥೆ ಇನ್ನೊಂದಿದೆ. ಪಶ್ಚಿಮ ವರ್ಜೀನಿಯಾದ ಲೋಗನ್ ಎಂಬಲ್ಲಿ ಎಂ. ಸಿ. ಬೈಲ್ಸ್ ಎಂಬವರು ಲಾರಿಗಳ ರೇಡಿಯೇಟರ್ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಡಿದಾದ ಗುಡ್ಡದ ಬುಡದಲ್ಲಿ ಅಂಗಡಿ. ಏರುವಾಗ ಎಂಜಿನ್ ಕಾದು ನಿಂತ ಲಾರಿಗಳೇ ಗಿರಾಕಿಗಳು. ಆ ಬಡಪಾಯಿ ಬಿಡುವಿನ ವೇಳೆಯಲ್ಲಿ ದಪ್ಪ ಟೊಮೇಟೊ ತಳಿಯೊಂದನ್ನು ನಡುವೆ ನೆಟ್ಟು, ಸುತ್ತಲೂ ಬೇರೆ ತಳಿಗಳನ್ನು ನೆಟ್ಟು, ಮಕ್ಕಳ ಕಿವಿ ತೊಳೆಯುವ ಪಿಚಕಾರಿಯಿಂದ ಹೂವಿನ ಪರಾಗವನ್ನು ಎತ್ತಿ ನಡುವಿನ ಗಿಡಕ್ಕೆ ಹಾಕಿದರು. ಉತ್ತಮವಾದುದನ್ನು ಆರಿಸಿ ಮರುವರ್ಷ ಮತ್ತೆ ಅದೇ ಕೆಲಸ. ಹೀಗೆ ಹಲವು ವರ್ಷ ಆರಿಸಿದ ಮೇಲೆ ತಳಿ ನೆಲೆನಿಂತಿತು. 1940ರ ದಶಕದಲ್ಲಿ ಸಸಿಯೊಂದಕ್ಕೆ ಒಂದು ಡಾಲರಿನಂತೆ ಮಾರಿ, ಮನೆಯ ಮೇಲಿದ್ದ 6,000 ಡಾಲರು ಅಡಮಾನದ ಸಾಲವನ್ನು ಆರು ವರ್ಷಗಳಲ್ಲಿ ತೀರಿಸಿದರು. ತಳಿಯ ಹೆಸರೇ ಮಾರ್ಟ್‌ಗೇಜ್ ಲಿಫ್ಟರ್. ಎಂದರೆ ಅಡಮಾನ ಬಿಡಿಸಿದ್ದು! ಡೊಂಬಿವಲಿಯ ಫ್ಲ್ಯಾಟಿನ ಸಾಲ ಟೊಮೇಟೊ ಸಸಿಯಿಂದ ತೀರೀತೆಂದು ನಾವು ಯಾರಿಗೂ ಆಸೆ ಹುಟ್ಟಿಸುವುದಿಲ್ಲ. ಆದರೆ ಆ ತಳಿ ಇಂದಿಗೂ ಜಗತ್ತಿನ ನಾನಾ ತೋಟಗಳಲ್ಲಿ ಬೆಳೆಯುತ್ತಿದೆ ಎಂಬುದನ್ನು ಗಮನಿಸಬೇಕು. ಸಸಿ ಕೊಂಡವರು ಬೀಜ ತೆಗೆದು ಬೇರೆಯವರಿಗೆ ಕೊಟ್ಟುದರಿಂದಲೇ ಅದು ಉಳಿಯಿತು.

1990ರಲ್ಲಿ ಕ್ರೇಗ್ ಲೆಹೂಲಿಯರ್ ಎಂಬ ರಸಾಯನಶಾಸ್ತ್ರಜ್ಞರಿಗೆ ಟೆನೆಸಿ ಪ್ರಾಂತದಿಂದ ಅಂಚೆಯಲ್ಲಿ ಒಂದು ಬೀಜದ ಪೊಟ್ಟಣ ಬಂದಿತು. ಚೆರೋಕಿ ಎಂಬ ಮೂಲನಿವಾಸಿಗಳು ನೂರು ವರ್ಷಗಳ ಹಿಂದೆ ನೆರೆಯ ಒಂದು ಕುಟುಂಬಕ್ಕೆ ಕೊಟ್ಟ ಬೀಜವಿದೆಂದು ಜತೆಯ ಪತ್ರದಲ್ಲಿ ಬರೆದಿತ್ತು. ಬಿತ್ತಿ ನೋಡಿದರೆ ಮಾಸಲು ನೇರಳೆ ಬಣ್ಣದ, ಬಲು ರುಚಿಯಾದ ಹಣ್ಣು. ಅವರು ಅದಕ್ಕೆ ಚೆರೋಕಿ ಪರ್ಪಲ್ ಎಂದು ಹೆಸರಿಟ್ಟು ಬೀಜ ಹಂಚಿದರು. ಒಂದು ಲಕೋಟೆ, ಒಂದು ಪತ್ರ. ಇಂದು ಆ ದೇಶದ ಅತ್ಯಂತ ಪ್ರಸಿದ್ಧ ಹಳೆಯ ತಳಿಗಳಲ್ಲಿ ಅದೂ ಒಂದು.

ಇನ್ನು ನಮ್ಮ ಮಾತು. ಶಿರಸಿಯ ವನಸ್ತ್ರೀ ಸಂಘಟನೆಯ ಮಹಿಳೆಯರು 2001ರಿಂದ ಮಲೆನಾಡಿನ ಹಿತ್ತಿಲ ತರಕಾರಿ ಬೀಜಗಳನ್ನು ಕಾಪಾಡಿ, ಮೇಳ ನಡೆಸಿ, ಕೈಯಿಂದ ಕೈಗೆ ದಾಟಿಸುತ್ತ ಬಂದಿದ್ದಾರೆ. ಉಡುಪಿಯ ಕಡೆಯವರಿಗೆ ಮಟ್ಟುಗುಳ್ಳದ ಪರಿಚಯ ಹೇಳಬೇಕಾಗಿಲ್ಲ. ಸೋದೆಯ ಶ್ರೀ ವಾದಿರಾಜರು ಕೊಟ್ಟ ಬೀಜವೆಂಬ ಐತಿಹ್ಯವಿರುವ ಆ ಬದನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದು ಇಂದಿಗೂ ಉಳಿದಿರುವುದು ಮಟ್ಟುವಿನ ರೈತರು ತಾವೇ ಬೀಜಕ್ಕೆಂದು ಕಾಯಿ ಬಿಟ್ಟು, ಆರಿಸಿ ಇಟ್ಟುದರಿಂದ. (ನಿಮ್ಮ ಗ್ಯಾಲರಿಯಲ್ಲಿ ಬೆಳೆದ ಗುಳ್ಳವನ್ನು ಮಟ್ಟುಗುಳ್ಳವೆಂದು ಹೇಳಿ ಮಾರುವಂತಿಲ್ಲ, ಹುಳಿ ಮಾಡಿ ಉಣ್ಣಲು ಅಡ್ಡಿಯಿಲ್ಲ.)

ಆದರೆ ಮಠವೂ ಇಲ್ಲದ, ಮಾನ್ಯತೆಯೂ ಇಲ್ಲದ ಬೀಜಗಳ ಗತಿಯೇನು? ನಮ್ಮ ಹೋಟೆಲಿನಲ್ಲಿ ಅಡಿಗೆಯವರಾಗಿದ್ದ ಕಾರ್ಕಳ ಕಡೆಯ ಹಿರಿಯರೊಬ್ಬರು ತಮ್ಮ ಮನೆಯ ಬಚ್ಚಲ ಹಿಂದೆ ಬೆಳೆಯುತ್ತಿದ್ದ ಗೋಲಿ ಗಾತ್ರದ ಹುಳಿ ಟೊಮೇಟೊವನ್ನು ಬಹಳ ಹೊಗಳುತ್ತಿದ್ದರು. ಒಂದು ಮಳೆಗಾಲ ಊರಿನಿಂದ ಬರುವಾಗ ಊದುಬತ್ತಿಯ ಕೊಳವೆಯಲ್ಲಿ ಅದರ ಬೀಜ ತಂದು, ಹೋಟೆಲಿನ ಮಾಳಿಗೆಯ ಮೇಲೆ ಎಣ್ಣೆಯ ಡಬ್ಬದಲ್ಲಿ ಬಿತ್ತಿದರು. ಗಲ್ಲೆಯಲ್ಲಿ ಕೂರುತ್ತಿದ್ದವರಿಗೂ ಎದುರು ಕಟ್ಟಡದ ಗುಮಾಸ್ತರೊಬ್ಬರಿಗೂ ಕೊಟ್ಟರು. ಕೆಲವು ವರ್ಷಗಳ ಮೇಲೆ ಅವರ ತಾಯಿ ತೀರಿಕೊಂಡು, ಮನೆ ಮಾರಾಟವಾಗಿ, ಬಚ್ಚಲಿದ್ದಲ್ಲಿ ಸಿಮೆಂಟಿನ ಅಂಗಳವಾಯಿತು. ಅಡಿಗೆಯವರ ಡಬ್ಬವೂ ಆ ವೇಳೆಗೆ ಒಣಗಿಹೋಗಿತ್ತು. ಗಂಡನ ಮನೆಯಲ್ಲಿದ್ದ ತಂಗಿ ಬೀಜ ಕೇಳಿದಾಗ ಅದು ದೊರೆತುದು ಡೊಂಬಿವಲಿಯಲ್ಲಿ, ಆ ಗುಮಾಸ್ತರ ಅಡಿಗೆಮನೆಯ ಕಿಟಕಿಯಲ್ಲಿ. ಗುಮಾಸ್ತರು ಧಾರವಾಡದವರು, ಕಾರ್ಕಳವನ್ನು ಕಂಡವರೇ ಅಲ್ಲ.

ಟೊಮೇಟೊ ಬೀಜ ತೆಗೆಯುವುದು ತರಕಾರಿಗಳಲ್ಲೆಲ್ಲ ಸುಲಭವಾದ ಕೆಲಸವೆಂದೇ ಹೇಳಬಹುದು. ಅದರ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಪಕ್ಕದಲ್ಲಿ ಬೇರೆ ತಳಿಯಿದ್ದರೂ ಬೆರಕೆಯಾಗುವ ಭಯ ಕಡಿಮೆ. ಬದನೆಯಲ್ಲಿ ಬೆರಕೆ ಹೆಚ್ಚು. ಸೌತೆ, ಕುಂಬಳ ಜಾತಿಗಳಲ್ಲಿ ದುಂಬಿಗಳು ಕುಲಗೆಡಿಸದೆ ಬಿಡುವುದಿಲ್ಲ. ಆರೋಗ್ಯವಾದ ಗಿಡದಲ್ಲಿ ಚೆನ್ನಾಗಿ ಕಾಯ್ದ ಒಂದೆರಡು ಹಣ್ಣುಗಳನ್ನು ತಿನ್ನದೆ ಬಿಟ್ಟು, ಮೆತ್ತಗಾಗುವ ತನಕ ಗಿಡದಲ್ಲೇ ಹಣ್ಣಾಗಿಸಬೇಕು. ಕತ್ತರಿಸಿ, ಬೀಜವನ್ನು ಲೋಳೆಯ ಸಮೇತ ಗಾಜಿನ ಲೋಟಕ್ಕೆ ಹಿಂಡಿ, ಒಂದೆರಡು ಚಮಚ ನೀರು ಬೆರಸಿ, ಬಟ್ಟೆ ಮುಚ್ಚಿ ಇಡಬೇಕು. ಆ ಲೋಳೆಯಲ್ಲಿ ಬೀಜ ಹಣ್ಣಿನೊಳಗೇ ಮೊಳೆಯದಂತೆ ತಡೆಯುವ ಗುಣವಿದೆ. ಅದನ್ನು ಹುಳಿಸಿ ಕಳೆಯಬೇಕು. ದೋಸೆಯ ಹಿಟ್ಟು ಹುಳಿಯುವ ಹದ ಬಲ್ಲವರಿಗೆ ಇದನ್ನು ಕಲಿಸಬೇಕೆ? ಮುಂಬಯಿ, ಮದರಾಸಿನ ಸೆಕೆಗೆ ಎರಡು ದಿನ ಸಾಕು. ಪುಣೆಯ ಚಳಿಗಾಲದಲ್ಲಿ ಮೂರು ನಾಲ್ಕು ದಿನ ಬೇಕಾದೀತು. ಮೇಲೆ ಬಿಳಿಯ ಬೂಷ್ಟು ಕಟ್ಟಿ, ವಾಸನೆ ಬರುವುದು. ಇನ್ನೂ ಬಿಟ್ಟರೆ ಬೀಜ ಲೋಟದಲ್ಲೇ ಮೊಳೆಯತೊಡಗುತ್ತದೆ. ನೀರು ಸುರಿದು ಕಲಕಿದರೆ ಗಟ್ಟಿ ಬೀಜ ತಳಕ್ಕಿಳಿಯುವುದು, ಜೊಳ್ಳು ಮೇಲೆ ತೇಲುವುದು. ಜೊಳ್ಳನ್ನು ಬಸಿದು, ಉಳಿದುದನ್ನು ಚಹಾ ಸೋಸುವ ಜಾಲರಿಯಲ್ಲಿ ತೊಳೆದು, ತಟ್ಟೆಯಲ್ಲಿ ಹರಡಿ ನೆರಳಿನಲ್ಲಿ ಒಣಗಿಸಬೇಕು. ಕಾಗದದ ಮೇಲೆ ಹರಡಿದರೆ ಅಂಟಿಕೊಂಡು ಏಳುವುದಿಲ್ಲ. ಒಂದು ಹಣ್ಣಿನಲ್ಲಿ ನೂರಕ್ಕೂ ಹೆಚ್ಚು ಬೀಜ ಸಿಗುವುದುಂಟು. ನಿಮಗೆ ಬೇಕಾದುದು ನಾಲ್ಕು ಗಿಡ. ಮಿಕ್ಕುದು ಯಾರಿಗಾಗಿ ಎಂಬುದನ್ನು ಗಿಡವೇ ಹೇಳಿದಂತಿದೆ.

ಕರಾವಳಿಯ ಮಳೆಗಾಲದ ತೇವವೇ ಬೀಜದ ದೊಡ್ಡ ಶತ್ರು. ಪೊಟ್ಟಣವನ್ನು ಬಿಗಿ ಮುಚ್ಚಳದ ಬಾಟ್ಲಿಯಲ್ಲಿಟ್ಟು, ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಜತೆಗಿರಿಸಿದರೆ ತೇವವನ್ನು ಅಕ್ಕಿ ಹೀರಿಕೊಳ್ಳುತ್ತದೆ. ಪೊಟ್ಟಣದ ಮೇಲೆ ತಳಿಯ ಹೆಸರು, ಊರು, ತಾಲೂಕು, ಕೊಟ್ಟವರು ಯಾರು, ಬೀಜ ತೆಗೆದ ತಿಂಗಳು ಮತ್ತು ವರ್ಷ ಬರೆದಿರಬೇಕು. ಈ ಕೆಲಸಕ್ಕೆ ನಮ್ಮ ಗುಮಾಸ್ತ ಬಂಧುಗಳೇ ಯೋಗ್ಯರು. ಹೋಟೆಲಿನವರಲ್ಲಿ ಎಣ್ಣೆಯ ಡಬ್ಬವಿದೆ, ಕಾಫಿಯ ಚರಟವಿದೆ, ತರಕಾರಿ ಸಿಪ್ಪೆಯ ಗೊಬ್ಬರವಿದೆ. ಹೆಸರು ಬರೆದಿಡುವ ಅಭ್ಯಾಸವಿಲ್ಲ. ಹೆಸರಿಲ್ಲದ ಪೊಟ್ಟಣ ಎರಡನೆಯ ವರ್ಷ ಕಸದ ಬುಟ್ಟಿಗೆ ಹೋಗುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ.

ಕೊಡುವವರಿಗೂ ಒಂದು ಶಿಸ್ತು ಬೇಕು. ಎಲೆ ಮುರುಟಿದ, ಹಣ್ಣಿನಲ್ಲಿ ಮಚ್ಚೆ ಬಿದ್ದ ಗಿಡದ ಬೀಜವನ್ನು ಯಾರಿಗೂ ಕೊಡಬಾರದು. ಮಾರುಕಟ್ಟೆಯ ಹಣ್ಣಿನಿಂದ ತೆಗೆದ ಬೀಜವನ್ನು ಊರಿನ ತಳಿಯೆಂದು ಹೇಳಿ ಕೊಡುವುದು ಸ್ನೇಹವಲ್ಲ, ವಂಚನೆ. ಕಾನೂನಿನ ಭಯ ಕೆಲವರಿಗಿದೆ. ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಅಧಿನಿಯಮವು ತಾನು ಬೆಳೆದುದರ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಹಂಚುವ, ಮಾರುವ ಹಕ್ಕನ್ನು ರೈತನಿಗೆ ಸ್ಪಷ್ಟವಾಗಿ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜಕ್ಕೆ ಮುದ್ರೆ ಹೆಸರು ಹಚ್ಚಿ ಮಾರುವುದಷ್ಟೇ ನಿಷಿದ್ಧ. ಹೊರದೇಶದ ಬೀಜದ ಮಾತು ಬೇರೆ. ಅದಕ್ಕೆ ಅನುಮತಿಯೂ ಸಸ್ಯಾರೋಗ್ಯದ ಪ್ರಮಾಣಪತ್ರವೂ ಬೇಕು. ದುಬೈಯಿಂದಲೋ ಅಮೆರಿಕೆಯಿಂದಲೋ ಬರುವ ಅಳಿಯಂದಿರ ಪೆಟ್ಟಿಗೆಯಲ್ಲಿ ಬೀಜ ತರಿಸಬೇಡಿರಿ. ಆ ಪೊಟ್ಟಣದೊಡನೆ ಬರುವ ರೋಗಕ್ಕೆ ಮದ್ದು ಸಿಕ್ಕದೆ ಹೋದೀತು.

ಮುಂಬಯಿಯಲ್ಲಿ ಟೊಮೇಟೊ ಬಿತ್ತಲು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ತನಕ ಸುಸಮಯ. ಮಳೆ ಹಿಂದೆಗೆದಾಗ ಸಸಿ ಕಿತ್ತು ನೆಟ್ಟರೆ ಹೊಸ ವರ್ಷದ ಹೊತ್ತಿಗೆ ಹಣ್ಣು. ಬೇಸಗೆಯ ರಾತ್ರಿಯ ಸೆಕೆಯಲ್ಲಿ ಹೂವು ಉದುರುವುದೇ ಹೆಚ್ಚು; ಅದಕ್ಕೆ ಗೊಬ್ಬರವನ್ನು ದೂರಿ ಫಲವಿಲ್ಲ. ಈ ಸಲ ಊರಿಗೆ ಹೋದವರು ಹಿಂದಿರುಗುವಾಗ ಮನೆಯ ಹಿರಿಯರನ್ನು ಕೇಳಿ ಒಂದು ಚಿಟಿಕೆ ಬೀಜವನ್ನು ತನ್ನಿರಿ. ಇಪ್ಪತ್ತು ಬೀಜ ಎಣಿಸಿ, ಹೆಸರು ಊರು ಬರೆದು, ಅಂಚೆಯ ಮುದ್ರೆಯ ಪೆಟ್ಟಿಗೆ ಸಿಕ್ಕಿ ಪುಡಿಯಾಗದಂತೆ ಎರಡು ರಟ್ಟಿನ ತುಂಡುಗಳ ನಡುವೆ ಇಟ್ಟು, ನಿಮ್ಮ ವಿಳಾಸದ ಲಕೋಟೆಯೊಂದನ್ನು ಜತೆಗಿರಿಸಿ ನಮ್ಮ ಕಚೇರಿಗೆ ಕಳುಹಿಸಿದರೆ, ಬೇರೆ ವಾಚಕರು ಕಳುಹಿಸಿದ ಬೀಜವನ್ನು ಅದೇ ಲಕೋಟೆಯಲ್ಲಿ ನಿಮಗೆ ತಲಪಿಸುವೆವು. ಹಣ ಕಳುಹಿಸಬೇಕಾಗಿಲ್ಲ. ಕಚೇರಿಯ ಮೇಜಿನ ಮೇಲೆ ಒಂದು ಬಿಸ್ಕತ್ತಿನ ಡಬ್ಬ ಇರಿಸಿದ್ದೇವೆ. ಅದರಲ್ಲಿ ಸದ್ಯ ಇರುವುದು ಒಂದೇ ಪೊಟ್ಟಣ: ಗೋಲಿ ಟೊಮೇಟೊ, ಹುಳಿ, ಕಾರ್ಕಳ ತಾಲೂಕು, ಡೊಂಬಿವಲಿಯಲ್ಲಿ ತೆಗೆದದ್ದು.